ಹವಳದ ಅಕ್ವೇರಿಯಂನಲ್ಲಿ ಕಡಲ ಮುಳ್ಳುಚೆಂಡುಗಳ ಸಾಕಣೆ

ಕಡಲ ಮುಳ್ಳುಚೆಂಡು ಕಂಟಕಚರ್ಮಿಗಳ ವಂಶಕ್ಕೆ ಸೇರಿದ, ಸಮುದ್ರದಲ್ಲಿ ಮಾತ್ರ ವಾಸಿಸುವ ಅಕಶೇರುಕ ಪ್ರಾಣಿ. ನಕ್ಷತ್ರಮೀನು ಮತ್ತು ಕಡಲಸೌತೆಗಳು ಇದರ ಸಂಬಂಧಿಗಳು. ಹವ್ಯಾಸಿಗಳಲ್ಲಿ ಸೀ ಅರ್ಚಿನ್ ಎಂದೇ ಪರಿಚಿತವಾಗಿರುವ ಇದನ್ನು ಮನೆಯ ಹವಳದ ತೊಟ್ಟಿಗಳಲ್ಲಿ ಮುಖ್ಯವಾಗಿ ಪಾಚಿಯ ನಿಯಂತ್ರಣಕ್ಕಾಗಿ ಸಾಕಲಾಗುತ್ತದೆ.

ಹವಳದ ದಿಬ್ಬಗಳಲ್ಲಿ ಪಾತ್ರ

ಬಂಡೆಯ ಮೇಲಿನ ಜಾಗಕ್ಕಾಗಿ ಪಾಚಿ ಮತ್ತು ಹವಳಗಳು ಸದಾ ಸ್ಪರ್ಧಿಸುತ್ತವೆ. ಪಾಚಿಯನ್ನು ಮೇಯುವ ಜೀವಿಗಳಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕೆರಿಬಿಯನ್ ಸಮುದ್ರ ಸಾಕ್ಷಿ. 1983ರ ಜನವರಿಯಲ್ಲಿ ಪನಾಮಾ ಕಾಲುವೆಯ ಕೆರಿಬಿಯನ್ ಬದಿಯಲ್ಲಿ ಡಯಾಡೆಮಾ ಆಂಟಿಲ್ಲಾರಮ್ ಎಂಬ ನೀಳಮುಳ್ಳಿನ ಪ್ರಭೇದ ಸಾಯತೊಡಗಿತು. ಸುಮಾರು ಒಂದು ವರ್ಷದಲ್ಲಿ ಆ ಸಮುದ್ರದಾದ್ಯಂತ ಶೇ. 90ಕ್ಕೂ ಹೆಚ್ಚು ಜೀವಿಗಳು ನಾಶವಾದವು. ಅತಿಯಾದ ಮೀನುಗಾರಿಕೆಯಿಂದ ಪಾಚಿ ತಿನ್ನುವ ಮೀನುಗಳೂ ವಿರಳವಾಗಿದ್ದ ಜಮೈಕಾದಲ್ಲಿ ಹವಳಗಳನ್ನು ಪಾಚಿ ಆವರಿಸಿತು. 2022ರಲ್ಲಿ ಇದೇ ಪ್ರಭೇದದಲ್ಲಿ ಮರುಕಳಿಸಿದ ಸಾಮೂಹಿಕ ಸಾವಿಗೆ ಸಿಲಿಯೇಟ್ ಗುಂಪಿನ ಏಕಕೋಶ ಜೀವಿಯೊಂದು ಕಾರಣವೆಂದು ಪತ್ತೆಯಾಯಿತು.

ಪ್ರಭೇದಗಳು

ಸಣ್ಣ ತೊಟ್ಟಿಗಳಿಗೆ ಮೆಸ್ಪಿಲಿಯಾ ಗ್ಲೋಬ್ಯುಲಸ್ ಹೆಚ್ಚು ಸೂಕ್ತ. ಇದು ಚಿಪ್ಪು, ಕಲ್ಲುಚೂರುಗಳನ್ನು ಮೈಮೇಲೆ ಹೊತ್ತು ತಿರುಗುತ್ತದೆ. ಬಂಡೆಗೆ ಅಂಟಿಸದೆ ಬಿಟ್ಟ ಹವಳದ ತುಂಡುಗಳೂ ಇದರ ಬೆನ್ನೇರುವುದುಂಟು. ಡಯಾಡೆಮಾ ಸೆಟೋಸಮ್ ಸಮರ್ಥ ಪಾಚಿಭಕ್ಷಕವಾದರೂ ಅದರ ಉದ್ದನೆಯ ವಿಷಯುಕ್ತ ಮುಳ್ಳುಗಳು ಚರ್ಮದೊಳಗೆ ಮುರಿದುಕೊಳ್ಳುತ್ತವೆ. ಅದಕ್ಕೆ ದೊಡ್ಡ ತೊಟ್ಟಿಯೇ ಬೇಕು. ದಪ್ಪ ಮುಳ್ಳುಗಳ ಪೆನ್ಸಿಲ್ ಅರ್ಚಿನ್ ಸ್ಪಂಜುಗಳಂತಹ ಸ್ಥಿರ ಪ್ರಾಣಿಗಳನ್ನೂ ತಿನ್ನುವುದರಿಂದ ಹವಳದ ತೊಟ್ಟಿಗೆ ಒಗ್ಗದು.

ಆಹಾರ

ಐದು ಹಲ್ಲುಗಳ, ಅರಿಸ್ಟಾಟಲನ ಲಾಂದ್ರವೆಂದು ಹೆಸರಾದ ಬಾಯಿಯ ಅಂಗದಿಂದ ಇದು ಬಂಡೆಯನ್ನು ಕೆರೆದು ತಿನ್ನುತ್ತದೆ. ಬೇಡದ ಪಾಚಿಯ ಜೊತೆಗೆ, ಹವ್ಯಾಸಿಗಳು ಬಯಸಿ ಬೆಳೆಸುವ ನಸುಗೆಂಪು ಸುಣ್ಣಪಾಚಿಯೂ ಕೆರೆದುಹೋಗುತ್ತದೆ. ತೊಟ್ಟಿ ಸ್ವಚ್ಛವಾದ ಮೇಲೆ ನಿಜವಾದ ಅಪಾಯ ಆರಂಭವಾಗುತ್ತದೆ. ಕವಚ ಗಟ್ಟಿಯಾಗಿರುವುದರಿಂದ ಹಸಿವಿನಿಂದ ಸೊರಗುವ ಪ್ರಾಣಿ ಹೊರನೋಟಕ್ಕೆ ಬಹುಕಾಲ ಆರೋಗ್ಯವಾಗಿಯೇ ಕಾಣುತ್ತದೆ. ಆದ್ದರಿಂದ ಒಣಗಿಸಿದ ನೋರಿ ಮುಂತಾದ ಕಡಲಕಳೆಯನ್ನು ನಿಯಮಿತವಾಗಿ ಒದಗಿಸಬೇಕು.

ನೀರಿನ ಗುಣಮಟ್ಟ

ದೇಹದ್ರವದ ಲವಣಾಂಶವನ್ನು ನಿಯಂತ್ರಿಸುವ ಸಾಮರ್ಥ್ಯ ಈ ಪ್ರಾಣಿಗಿಲ್ಲ. ನೀರಿನ ಲವಣಾಂಶ ದಿಢೀರನೆ ಬದಲಾದರೆ ಸಾಯಬಹುದು. ಹೊಸ ಪ್ರಾಣಿಯಿರುವ ಪಾತ್ರೆಗೆ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಂದು ಗಂಟೆ ಅಥವಾ ಇನ್ನೂ ಹೆಚ್ಚು ಕಾಲ ಸೇರಿಸುವುದು ಇದಕ್ಕಾಗಿಯೇ. ಸಾಪೇಕ್ಷ ಸಾಂದ್ರತೆ 1.025ರ ಸುಮಾರಿನಲ್ಲಿ, ಉಷ್ಣತೆ 24–26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ಥಿರವಾಗಿರಬೇಕು. ಕವಚ ಮತ್ತು ಮುಳ್ಳುಗಳ ಬೆಳವಣಿಗೆಗೆ ಕ್ಯಾಲ್ಸಿಯಂ ಅಗತ್ಯ. ಮೀನುಗಳ ರೋಗಕ್ಕೆ ಬಳಸುವ ತಾಮ್ರಯುಕ್ತ ಔಷಧಗಳು ಇದಕ್ಕೆ ಮಾರಕ.

ಮುಳ್ಳುಗಳು ಉದುರುವುದು, ನಳಿಕಾಪಾದಗಳ ಹಿಡಿತ ಸಡಿಲವಾಗುವುದು ಅನಾರೋಗ್ಯದ ಚಿಹ್ನೆಗಳು. ಬಂಡೆಗೆ ಅಂಟಿಕೊಂಡಿರುವ ಪ್ರಾಣಿಯನ್ನು ಬಲವಾಗಿ ಎಳೆದರೆ ಈ ಪಾದಗಳು ಹರಿದುಹೋಗುತ್ತವೆ. ಸತ್ತ ಪ್ರಾಣಿ ಕೊಳೆತು ನೀರಿನಲ್ಲಿ ಅಮೋನಿಯಾ ಹೆಚ್ಚಿಸುವುದರಿಂದ ಅದನ್ನು ತಕ್ಷಣ ಹೊರತೆಗೆಯಬೇಕು.

ಕಾನೂನು

ಭಾರತದಲ್ಲಿ ದಿಬ್ಬ ಕಟ್ಟುವ ಗಟ್ಟಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಮನ್ನಾರ್ ಕೊಲ್ಲಿಯಿಂದಾಗಲಿ ಲಕ್ಷದ್ವೀಪದಿಂದಾಗಲಿ ಅವನ್ನು ತೊಟ್ಟಿಗಾಗಿ ಕಿತ್ತು ತರುವುದು ಅಪರಾಧ.