ಹಿಮ ಇಲ್ಲ, ಬೆವರು ಉಂಟು! ಚಡ್ಡಿ ತೊಟ್ಟ ಸಾಂತಾನ ಕ್ರಿಸ್‌ಮಸ್

ಕ್ರಿಸ್‌ಮಸ್ ಎಂದೊಡನೆ ನಿಮ್ಮ ಕಣ್ಣ ಮುಂದೆ ಏನು ಬರುತ್ತೆ? ಬಿಳೀ ಹಿಮ, ಉಣ್ಣೆ ಕೋಟು, ಬಾಯಿಂದ ಹೊರಡುವ ಹಬೆ... ಸರಿ ತಾನೇ? ಆದರೆ ರಾಯಚೂರಿನವರೋ ಮಂಡ್ಯದವರೋ ಆದ ನಾವು ಹಿಮ ನೋಡಿದ್ದೆಲ್ಲಿ? ಥಿಯೇಟರಿನಲ್ಲಿ! ನಮಗೆ ಕ್ರಿಸ್‌ಮಸ್ ಪಾಠ ಹೇಳಿಕೊಟ್ಟ ಮೇಷ್ಟ್ರು ಹಾಲಿವುಡ್.

ಈ ಮೇಷ್ಟ್ರ ಗುಟ್ಟೊಂದು ಹೇಳ್ತೀನಿ, ಕೇಳಿ. ಫ್ರಾಂಕ್ ಕಾಪ್ರಾ ನಿರ್ದೇಶಿಸಿದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ಕ್ರಿಸ್‌ಮಸ್ ಚಿತ್ರಗಳಿಗೆಲ್ಲ ಅಜ್ಜ ಇದ್ದ ಹಾಗೆ. ಹಿಮ ತುಂಬಿದ ಬೀದಿಯಲ್ಲಿ ನಾಯಕ ಜೇಮ್ಸ್ ಸ್ಟೂವರ್ಟ್ ಕೂಗುತ್ತಾ ಓಡುವುದನ್ನು ನೋಡಿದರೆ ನಮಗೇ ನಡುಕ ಬರಬೇಕು. ಆದರೆ ಶೂಟಿಂಗ್ ನಡೆದದ್ದು ಕ್ಯಾಲಿಫೋರ್ನಿಯಾದ ಸುಡು ಬೇಸಿಗೆಯಲ್ಲಿ! ಆ ಮುಂಚೆ ಬಿಳೀ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್ ಚೆಲ್ಲಿ ಹಿಮ ಅಂತ ತೋರಿಸ್ತಿದ್ದರು. ನಟ ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು, ಮಾತೆಲ್ಲ ಆಮೇಲೆ ಡಬ್ ಮಾಡಬೇಕು. ಈ ಚಿತ್ರದವರು ಬೆಂಕಿ ಆರಿಸುವ ನೊರೆಗೆ ಸೋಪು ನೀರು ಬೆರೆಸಿ ಸಿಂಪಡಿಸಿದರು. ಆ ಸದ್ದಿಲ್ಲದ ಹಿಮಕ್ಕೆ ಆಸ್ಕರ್ ಸಂಸ್ಥೆಯ ತಾಂತ್ರಿಕ ಪ್ರಶಸ್ತಿಯೂ ಬಂತು. ಪಾಪ, ಉಣ್ಣೆ ಕೋಟಿನೊಳಗೆ ನಾಯಕನ ಬೆವರು ಯಾರಿಗೆ ಕಾಣಬೇಕು!

ಅದು ಸೆಟ್ಟಿನ ಸುಳ್ಳು. ನಿಜವಾಗಿಯೂ ನೆತ್ತಿ ಸುಡುವ ಬಿಸಿಲಲ್ಲಿ ಕ್ರಿಸ್‌ಮಸ್ ಮಾಡೋ ಜನ ಇದ್ದಾರೆ. ಆಸ್ಟ್ರೇಲಿಯಾದವರು! ಭೂಮಿಯ ಕೆಳಭಾಗದ ದೇಶ, ಡಿಸೆಂಬರ್ ಬಂತೆಂದರೆ ಅಲ್ಲಿ ನಮ್ಮ ಮೇ ತಿಂಗಳ ಹಾಗೆ. ಶಾಲೆಗೆ ದೊಡ್ಡ ರಜೆ ಬೇರೆ.

1788ರಲ್ಲಿ ಅಲ್ಲಿಗೆ ಬಂದು ನೆಲೆ ನಿಂತ ಇಂಗ್ಲಿಷರು ತಮ್ಮ ಚಳಿಗಾಲದ ಹಬ್ಬವನ್ನೂ ಗಂಟು ಕಟ್ಟಿಕೊಂಡು ಬಂದರು. ಹೊರಗೆ ಕೆಂಡದಂಥ ಬಿಸಿಲು, ಒಳಗೆ ಉರಿಯೋ ಒಲೆ, ಒಲೆಯ ಮುಂದೆ ಮನೆಯೊಡತಿ! ಟರ್ಕಿ ಕೋಳಿ ಸುಡಬೇಕು, ಪುಡಿಂಗ್ ಗಂಟೆಗಟ್ಟಲೆ ಬೇಯಿಸಬೇಕು. ಆ ಪುಡಿಂಗಿನೊಳಗೆ ಬೆಳ್ಳಿಯ ಮೂರು ಪೆನ್ನಿ ನಾಣ್ಯ ಹುದುಗಿಸೋದು, ಯಾರ ಬಾಯಿಗೆ ಸಿಕ್ಕಿತೋ ಅವರು ಅದೃಷ್ಟವಂತರು. 1966ರಲ್ಲಿ ಡಾಲರ್, ಸೆಂಟು ಬಂದ ಮೇಲೂ ಎಷ್ಟೋ ಮನೆಗಳಲ್ಲಿ ಅಜ್ಜಿಯರು ಹಳೇ ಬೆಳ್ಳಿ ನಾಣ್ಯಗಳನ್ನು ಪುಡಿಂಗಿಗೆಂದೇ ಎತ್ತಿಟ್ಟಿದ್ದರು. ಅದೆಲ್ಲ ಸರಿ ಸ್ವಾಮಿ, ಮನೆಮಂದಿಗೆಲ್ಲ ಹಬ್ಬ, ಬೇಯಿಸೋ ತಾಯಿಗೆ ಮಾತ್ರ ಶಿಕ್ಷೆ ಯಾಕೆ?

ಈ ಪ್ರಶ್ನೆ ಅವರಿಗೂ ಹೊಳೆಯಿತು ಅಂತ ಕಾಣುತ್ತೆ. ನಿಧಾನವಾಗಿ ಒಲೆ ತಣ್ಣಗಾಯಿತು! ಟರ್ಕಿ ಸುಡೋ ಮನೆಗಳು ಇಂದಿಗೂ ಇವೆ, ಆದರೆ ಎಷ್ಟೋ ಮನೆಗಳಲ್ಲಿ ಐಸ್ ಮೇಲೆ ಹರಡಿದ ಸೀಗಡಿ, ತಣ್ಣನೆ ಹ್ಯಾಮ್, ಚೆರಿ ಹಣ್ಣು, ಜೊತೆಗೆ ಮಾವಿನಹಣ್ಣು. ಹೌದು, ಡಿಸೆಂಬರಿನಲ್ಲಿ ಅವರಿಗೆ ಮಾವಿನ ಕಾಲ! ಕೊನೆಗೆ ಮೊಟ್ಟೆಯ ಬಿಳಿಭಾಗದಿಂದ ಮಾಡಿ ಕೆನೆ, ಹಣ್ಣು ಹೇರಿದ ‘ಪಾವ್ಲೋವಾ’. ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾ ಹೆಸರಿನ ಈ ಸಿಹಿ ಮೊದಲು ಮಾಡಿದ್ದು ನಾವೇ ಅಂತ ನ್ಯೂಜಿಲೆಂಡಿನವರದ್ದೂ ಇವರದ್ದೂ ಮುಗಿಯದ ಜಗಳ. ಎಲ್ಲರೂ ಚಡ್ಡಿ, ಬನಿಯನ್ನು, ಹವಾಯಿ ಚಪ್ಪಲಿ. ತಲೆಗೆ ಬಣ್ಣದ ಕಾಗದದ ಕಿರೀಟ, ಅದು ಬೆವರಿಗೆ ನೆಂದು ಹಣೆಗೆ ಅಂಟಿಕೊಳ್ಳುತ್ತೆ. ಗ್ರೀಟಿಂಗ್ ಕಾರ್ಡುಗಳಲ್ಲಿ ಸಾಂತಾ ತಾತನೂ ಚಡ್ಡಿಯಲ್ಲೇ ಸಮುದ್ರದ ಅಲೆ ಮೇಲೆ ಬರ್ತಾನೆ.

ಊಟ ಆಯ್ತಾ? ಮಾವ ಒಂದು ಮೂಲೆಯಲ್ಲಿ ಗೊರಕೆ. ಉಳಿದವರು ಹಿತ್ತಲಿಗೆ, ಕ್ರಿಕೆಟ್ಟಿಗೆ! ಕಸದ ಡಬ್ಬಿಯೇ ವಿಕೆಟ್. ಬೇಲಿ ದಾಟಿಸಿದರೆ ಔಟು. ಒಂದು ಪಿಚ್ ಬಿದ್ದ ಚೆಂಡು ಒಂದೇ ಕೈಯಲ್ಲಿ ಹಿಡಿದರೂ ಔಟು. ಅರೆ, ಇದು ನಮ್ಮ ಗಲ್ಲಿ ರೂಲ್ಸೇ ಅಲ್ವೇ ಅಂತೀರಾ? ಅದೇ! ಅಜ್ಜಿಗೆ ಮಾತ್ರ ಮೊದಲ ಬಾಲಿಗೆ ಔಟ್ ಕೊಡೋ ಧೈರ್ಯ ಅಲ್ಲೂ ಯಾರಿಗೂ ಇಲ್ಲ.

ಮಾರನೇ ದಿನ, ಡಿಸೆಂಬರ್ 26, ‘ಬಾಕ್ಸಿಂಗ್ ಡೇ’. ಮೆಲ್ಬರ್ನಿನಲ್ಲಿ ಅಂದು ಟೆಸ್ಟ್ ಶುರುವಾಗೋದು 1980ರಿಂದೀಚೆಗೆ ಪದ್ಧತಿಯೇ ಆಗಿದೆ. ನಮ್ಮ ಕೆ.ಎಲ್. ರಾಹುಲ್ 2014ರಲ್ಲಿ, ಮಯಾಂಕ್ ಅಗರವಾಲ್ 2018ರಲ್ಲಿ ಟೆಸ್ಟಿಗೆ ಕಾಲಿಟ್ಟಿದ್ದು ಅದೇ ಮೈದಾನದಲ್ಲಿ, ಅದೇ ದಿನ. ಮಯಾಂಕ್ ಮೊದಲ ಇನ್ನಿಂಗ್ಸಿನಲ್ಲೇ 76 ಹೊಡೆದ. ಅದಕ್ಕೂ ಬಲು ಹಿಂದೆ, 1977ರಲ್ಲಿ ಕ್ರಿಸ್‌ಮಸ್ ಮುಗಿದ ಐದನೇ ದಿನ ಅಲ್ಲೇ ಶುರುವಾದ ಟೆಸ್ಟಿನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ ಎರಡೂ ಇನ್ನಿಂಗ್ಸಿನಲ್ಲಿ 52 ರನ್ನಿಗೆ 6 ವಿಕೆಟ್! ಆಸ್ಟ್ರೇಲಿಯಾ ನೆಲದಲ್ಲಿ ಭಾರತದ ಮೊದಲ ಟೆಸ್ಟ್ ಗೆಲುವು ಅದು.

ಬಿಸಿಲೆಂದರೆ ಬರೀ ಮೋಜಲ್ಲ. 2019ರ ಡಿಸೆಂಬರ್ 18ರಂದು ಇಡೀ ಆಸ್ಟ್ರೇಲಿಯಾದ ಸರಾಸರಿ ಗರಿಷ್ಠ ಉಷ್ಣಾಂಶ 41.9 ಡಿಗ್ರಿ. ಅದು ದಾಖಲೆ. ಕಾಡುಗಳು ಹೊತ್ತಿ ಉರಿಯುತ್ತಿದ್ದವು. ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ ಹಳ್ಳಿಗಾಡಿನ ಬೆಂಕಿ ಆರಿಸುವವರಲ್ಲಿ ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು. ಮರುದಿನ ರಾತ್ರಿ ಮರ ಬಿದ್ದು ಲಾರಿ ಉರುಳಿ ಅಂಥ ಇಬ್ಬರು ತೀರಿಕೊಂಡರು. ಇಬ್ಬರಿಗೂ ಪುಟ್ಟ ಪುಟ್ಟ ಮಕ್ಕಳು. ಕ್ರಿಸ್‌ಮಸ್ಸಿಗೆ ಆರೇ ದಿನ ಬಾಕಿ ಇತ್ತು. ಆ ವರ್ಷ ಎಷ್ಟೋ ಮನೆಯ ಗಂಡಸರೂ ಹೆಂಗಸರೂ ಹಬ್ಬದೂಟ ಬಿಟ್ಟು ಬೆಂಕಿಯ ಮುಂದೆ ನಿಂತಿದ್ದರು.

ಇನ್ನು ನಮ್ಮ ವಿಷಯಕ್ಕೆ ಬರೋಣ, ಸಿನಿಮಾ! ಬಾಕ್ಸಿಂಗ್ ಡೇ ಅಲ್ಲಿನ ಥಿಯೇಟರುಗಳಿಗೆ ವರ್ಷದ ದೊಡ್ಡ ಸುಗ್ಗಿ. ಏಸಿ ತಂಪಿಗಾದರೂ ಸರಿ, ಮನೆಮಂದಿಯೆಲ್ಲ ಒಟ್ಟಿಗೆ ಹೊರಡ್ತಾರೆ. ‘ಲಾರ್ಡ್ ಆಫ್ ದಿ ರಿಂಗ್ಸ್’ನ ಮೂರೂ ಭಾಗ 2001, 2002, 2003ರಲ್ಲಿ ಅಲ್ಲಿ ತೆರೆಕಂಡಿದ್ದು ಆ ದಿನವೇ. ಬೇಸಿಗೆ ಕ್ರಿಸ್‌ಮಸ್ಸಿನದೇ ಕಥೆ ಬೇಕೆಂದರೆ ‘ಬುಷ್ ಕ್ರಿಸ್‌ಮಸ್’ ಇದೆ. ಕುದುರೆ ಕಳ್ಳರ ಬೆನ್ನಟ್ಟಿ ಮಕ್ಕಳು ಕಾಡು ಹೊಕ್ಕುವ ಕಥೆ, 1947ರದ್ದು. 1983ರಲ್ಲಿ ಮತ್ತೆ ತೆಗೆದಾಗ ಗುಂಗುರು ಕೂದಲ ಹೊಸ ಹುಡುಗಿಯೊಬ್ಬಳು ಅದರಲ್ಲಿ ಬಂದಳು. ಹೆಸರು ನಿಕೋಲ್ ಕಿಡ್ಮನ್! ಎಲ್ಲಾದರೂ ಸಿಕ್ಕರೆ ನೋಡಿ. ಅದರಲ್ಲಿ ಒಂದು ಚಿಟಿಕೆ ಹಿಮ ಕಂಡರೂ ನನಗೆ ಕಾಗದ ಬರೀರಿ.