ಮರೆವಿನ ರೋಗವೂ ಮನಸ್ಸಿನ ಸಮಾಧಾನವೂ

‘ಅರವತ್ತಕ್ಕೆ ಅರಳು ಮರಳು’ ಎಂಬ ಗಾದೆ ನಮ್ಮೆಲ್ಲರಿಗೂ ಪರಿಚಿತವಾದುದು. ಮುಪ್ಪಿನಲ್ಲಿ ಬುದ್ಧಿ ಮಂಕಾಗುವುದು ಸಹಜವೆಂಬುದು ಇದರ ಭಾವ. ವೈದ್ಯವಿಜ್ಞಾನ ಇದನ್ನು ಒಪ್ಪುವುದಿಲ್ಲ. ಕನ್ನಡಕವನ್ನು ಎಲ್ಲಿಟ್ಟೆವೆಂದು ಮರೆಯುವುದು ವಯಸ್ಸಿನ ಫಲವಿರಬಹುದು. ಆದರೆ ನಿತ್ಯ ನಡೆದ ದಾರಿಯೇ ತಪ್ಪುವುದು, ಕೇಳಿದುದನ್ನೇ ಮತ್ತೆ ಮತ್ತೆ ಕೇಳುವುದು, ಸಣ್ಣ ಲೆಕ್ಕವೂ ಕೂಡಿಬರದಿರುವುದು ಮಿದುಳಿನ ರೋಗದ ಸೂಚನೆಗಳಾಗಬಹುದು. ದಿನದ ವ್ಯವಹಾರಕ್ಕೆ ಅಡ್ಡಿಯಾಗುವಷ್ಟು ಬುದ್ಧಿಶಕ್ತಿ ಕುಂದಿದ ಸ್ಥಿತಿಗೆ ಡಿಮೆನ್ಷಿಯ ಎಂದು ಹೆಸರು. ಇದಕ್ಕೆ ಪ್ರಧಾನ ಕಾರಣವಾದ ರೋಗವನ್ನು ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್ 1906ರಲ್ಲಿ ಮೊದಲು ವಿವರಿಸಿದನು.

ಇಂದು ಈ ರೋಗವನ್ನು ಆರಂಭದಲ್ಲಿಯೇ ಗುರುತಿಸಬಹುದಾಗಿದೆ. ಇದರಿಂದ ಹೊಸದೊಂದು ಸಮಸ್ಯೆಯೂ ಹುಟ್ಟಿದೆ. ತನಗೇನಾಗಿದೆಯೆಂದು ತಿಳಿಯಬಲ್ಲ ಸ್ಥಿತಿಯಲ್ಲಿಯೇ ರೋಗಿಯು ಆ ಮಾತನ್ನು ಕೇಳಬೇಕಾಗುತ್ತದೆ. ಆಗ ಮನಸ್ಸು ಹೇಗೆ ತಾಳಿಕೊಳ್ಳಬೇಕು?

ಕೇಳಿದೊಡನೆ ಮನಸ್ಸಿಗೆ ತೋರುವುದು ರೋಗದ ಕಟ್ಟಕಡೆಯ ಚಿತ್ರ. ವಾಸ್ತವವು ಬೇರೆ. ಆಲ್ಜೈಮರ್ ರೋಗದಲ್ಲಿ ಅಮಿಲಾಯ್ಡ್, ಟೌ ಎಂಬ ಪ್ರೋಟೀನುಗಳು ಅನೇಕ ವರ್ಷಗಳ ಕಾಲ ಮಿದುಳಿನಲ್ಲಿ ಮೆಲ್ಲಮೆಲ್ಲನೆ ಶೇಖರವಾಗುತ್ತವೆ. ಹೊಸ ನೆನಪುಗಳನ್ನು ಕೂಡಿಡುವ ಹಿಪೊಕ್ಯಾಂಪಸ್ ಎಂಬ ಭಾಗಕ್ಕೆ ಸಾಮಾನ್ಯವಾಗಿ ಮೊದಲು ಪೆಟ್ಟು ಬೀಳುತ್ತದೆ. ಹಳೆಯ ನೆನಪು, ಕೈಗೆ ರೂಢಿಯಾದ ಕೆಲಸ, ಸಂಗೀತದ ಸವಿ, ಒಲವು ಇವೆಲ್ಲ ಆರಂಭದಲ್ಲಿ ಬಹುಮಟ್ಟಿಗೆ ಉಳಿದಿರುತ್ತವೆ. ವೈದ್ಯನು ರೋಗದ ಹೆಸರನ್ನು ಹೇಳಿದ ದಿನ ಮಿದುಳು ಬದಲಾಗುವುದಿಲ್ಲ. ನಿನ್ನೆ ಇದ್ದ ವ್ಯಕ್ತಿಯೇ ಇಂದೂ ಇರುತ್ತಾನೆ.

ಆದರೂ ದುಃಖ, ಕೋಪ, ನಾಚಿಕೆಗಳು ಬಂದೇ ಬರುತ್ತವೆ. ಅವು ದೌರ್ಬಲ್ಯವಲ್ಲ. ದುಃಖವು ವಾರಗಟ್ಟಲೆ ಬಿಡದೆ, ಊಟ ನಿದ್ರೆಗಳು ಕೆಟ್ಟರೆ ಅದು ಖಿನ್ನತೆಯಾಗಿರಬಹುದು, ಖಿನ್ನತೆಗೆ ಚಿಕಿತ್ಸೆಯುಂಟು. ಕೆಲವರು ‘ನನಗೇನೂ ಆಗಿಲ್ಲ’ ಎನ್ನುತ್ತಾರೆ. ಇದು ಯಾವಾಗಲೂ ಹಟವಲ್ಲ. ತನ್ನ ಕೊರತೆಯನ್ನು ತಾನೇ ಅರಿಯುವ ಶಕ್ತಿಯನ್ನೂ ರೋಗವು ಕುಂದಿಸಬಲ್ಲುದು. ಅಂಥವರೊಡನೆ ವಾದಿಸಿ ಫಲವಿಲ್ಲ.

ಇಂಗ್ಲೆಂಡಿನ ಕಾದಂಬರಿಕಾರ ಟೆರಿ ಪ್ರಾಚೆಟ್ ತನಗೆ ಈ ರೋಗವಿದೆಯೆಂದು 2007ರ ಡಿಸೆಂಬರಿನಲ್ಲಿ ಪ್ರಕಟಿಸಿದನು. ಆಗ ಅವನಿಗೆ 59 ವರ್ಷ. ಮಿದುಳಿನ ಹಿಂಭಾಗವನ್ನು ಹಿಡಿಯುವ ಅಪರೂಪದ ಬಗೆ ಅದು. ಕಂಡುದನ್ನು ಗ್ರಹಿಸುವುದೇ ಕಷ್ಟವಾಗುತ್ತದೆ. ಅವನು ತನ್ನ ಸಿಟ್ಟನ್ನು ಬಚ್ಚಿಡಲಿಲ್ಲ. 2008ರಲ್ಲಿ ಸಂಶೋಧನೆಗಾಗಿ ಹತ್ತು ಲಕ್ಷ ಡಾಲರುಗಳ ದಾನವನ್ನು ಘೋಷಿಸಿದನು. ಬೆರಳಚ್ಚು ಮಾಡಲಾಗದಾಗ ಬಾಯಿಂದ ಹೇಳಿ ಬರೆಯಿಸಿದನು. 2015ರ ಮಾರ್ಚಿನಲ್ಲಿ ತೀರಿಕೊಳ್ಳುವವರೆಗೆ ಹಲವು ಕಾದಂಬರಿಗಳು ಹೊರಬಂದವು. ಎಲ್ಲರೂ ಗ್ರಂಥಕರ್ತರಾಗಬೇಕೆಂದು ಇದರ ಅರ್ಥವಲ್ಲ. ರೋಗವು ತಿಳಿದ ದಿನಕ್ಕೂ ಶಕ್ತಿಗಳು ಉಡುಗುವ ದಿನಕ್ಕೂ ನಡುವೆ ಕಾಲವಿದೆ, ಆ ಕಾಲವು ರೋಗಿಯ ಸ್ವಂತದ್ದು ಎಂಬುದಷ್ಟೇ ಇಲ್ಲಿ ಮುಖ್ಯ.

ಆ ಕಾಲದಲ್ಲಿ ಮಾಡಬಹುದಾದ ಕಾರ್ಯಗಳು ಹಲವು. ಆಸ್ತಿಪಾಸ್ತಿ, ಮುಂದಿನ ಚಿಕಿತ್ಸೆ ಇವುಗಳ ವಿಷಯದಲ್ಲಿ ರೋಗಿಯು ತನ್ನ ಇಚ್ಛೆಯನ್ನು ತಾನೇ ಬರೆದಿಡಬಹುದು. ಯಾರಿಗೆ, ಯಾವಾಗ ತಿಳಿಸಬೇಕೆಂಬುದನ್ನು ತಾನೇ ನಿಶ್ಚಯಿಸಬಹುದು. ದಿನಚರಿ, ಗೋಡೆಯ ಕ್ಯಾಲೆಂಡರುಗಳ ನೆರವಿನಿಂದ ತನ್ನ ಕೆಲಸಗಳನ್ನು ನಡೆಸಿಕೊಳ್ಳಬಹುದು. ರೋಗವನ್ನು ಪೂರ್ಣವಾಗಿ ಗುಣಪಡಿಸುವ ಔಷಧ ಇನ್ನೂ ಇಲ್ಲ. ಆದರೆ ಬಿ-12 ಜೀವಸತ್ವದ ಅಭಾವ, ಥೈರಾಯ್ಡ್ ಗ್ರಂಥಿಯ ದೋಷಗಳಿಂದಲೂ ಮರೆವು ಬರಬಹುದು, ಅವು ವಾಸಿಯಾಗಬಲ್ಲವು. ಆದುದರಿಂದಲೂ ಪರೀಕ್ಷೆಯನ್ನು ಮುಂದೂಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ದೂರವಾಣಿ ಸೇವೆಯಲ್ಲಿ, 14416 ಸಂಖ್ಯೆಗೆ ಕರೆಮಾಡಿದರೆ, ಮನಸ್ಸಿನ ತೊಂದರೆಗಳಿಗೆ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಮನೆಯ ಕಿರಿಯರಿಗೂ ಇಲ್ಲಿ ಪಾತ್ರವುಂಟು. 2014ರಲ್ಲಿ ಅಮೆರಿಕದ ಅಯೊವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು 17 ಮಂದಿ ಆಲ್ಜೈಮರ್ ರೋಗಿಗಳಿಗೆ ದುಃಖದ ಹಾಗೂ ಸಂತೋಷದ ಚಲನಚಿತ್ರಭಾಗಗಳನ್ನು ತೋರಿಸಿದರು. ಸ್ವಲ್ಪ ಹೊತ್ತಿನಲ್ಲಿಯೇ ಕಂಡುದರಲ್ಲಿ ಬಹುಭಾಗ ಅವರಿಗೆ ಮರೆತುಹೋಯಿತು. ಆದರೆ ಅದು ಎಬ್ಬಿಸಿದ ಭಾವ ಬಳಿಕವೂ ಉಳಿದಿತ್ತು. ‘ಆಗಲೇ ಹೇಳಲಿಲ್ಲವೆ?’ ಎಂಬ ನಮ್ಮ ಗದರಿಕೆಯನ್ನು ಅಜ್ಜ ಮರೆಯಬಹುದು, ಅದರ ನೋವು ಮಾತ್ರ ನಿಂತಿರುತ್ತದೆ. ಅಂತೆಯೇ, ಅವನ ಬಳಿ ಕುಳಿತು ಹಳೆಯ ಕಥೆಯನ್ನು ಮತ್ತೊಮ್ಮೆ ಕೇಳಿದ ಸಂಜೆಯ ಹಿತವೂ ನಿಲ್ಲುತ್ತದೆ.