ಬೆಳಗಿನ ಜಾವ ಗಾಡಿ ಏಳದಿದ್ದರೆ

ಬೆಳುಗುಪ್ಪ, ಕಲ್ಯಾಣದುರ್ಗದ ಕಡೆಯ ರೈತರಿಗೆ ಬೆಳಗಿನ ಜಾವದ ನಾಲ್ಕು ಗಂಟೆಯ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಹಿಂದಿನ ಸಂಜೆಯೇ ಟೊಮೇಟೊ ಕಿತ್ತು, ಕ್ರೇಟುಗಳಿಗೆ ತುಂಬಿ, ಪಿಕಪ್ ಗಾಡಿಗೆ ಏರಿಸಿ ಆಗಿರುತ್ತದೆ. ಹೊತ್ತು ಮೂಡುವ ಮೊದಲೇ ಹೊರಟರೆ ಅನಂತಪುರದ ಪಕ್ಕದ ಕಕ್ಕಲಪಲ್ಲಿ ಮಾರುಕಟ್ಟೆಗೆ ಸಕಾಲಕ್ಕೆ ಮುಟ್ಟಬಹುದು. ಅಂಥ ಹೊತ್ತಿನಲ್ಲಿ ಕೀಲಿ ತಿರುಗಿಸಿದರೆ ಗಾಡಿ ಏಳುವುದಿಲ್ಲ. ಆಗ ಏನು ಮಾಡಬೇಕು, ಅದಕ್ಕಿಂತ ಮುಖ್ಯವಾಗಿ ಏನು ಮಾಡಬಾರದು ಎಂಬುದೇ ಇಂದಿನ ಮಾತು.

ಮೊದಲು ನನ್ನದೇ ತಪ್ಪನ್ನು ಹೇಳಿಬಿಡುತ್ತೇನೆ. ಒಮ್ಮೆ ನಮ್ಮ ಹಳೆಯ ಡೀಸೆಲ್ ಗಾಡಿ ಹೀಗೆಯೇ ನಿಂತಿತು. ಬ್ಯಾಟರಿ ಸೋಲುವವರೆಗೆ ಸೆಲ್ಫ್ ಹೊಡೆದೆವು. ಬಂದ ಮೆಕ್ಯಾನಿಕ್ "ಪಂಪು ಹೋಗಿದೆ" ಎಂದರು, ನಾವು ತಲೆಯಾಡಿಸಿದೆವು. ಪಂಪು ಬಿಚ್ಚಿ, ಪಟ್ಟಣಕ್ಕೆ ಕಳಿಸಿ, ರಿಪೇರಿ ಮಾಡಿಸಿ ತಂದು ಕೂರಿಸಿದ ಮೇಲೂ ಗಾಡಿ ಏಳಲಿಲ್ಲ. ಕೊನೆಗೆ ಟ್ರ್ಯಾಕ್ಟರ್ ರಿಪೇರಿಯ ಹಿರಿಯರೊಬ್ಬರು ಬಂದು, ಟ್ಯಾಂಕಿನಿಂದ ಬರುವ ರಬ್ಬರ್ ಪೈಪನ್ನು ಬೆರಳಲ್ಲಿ ಬಗ್ಗಿಸಿ ತೋರಿಸಿದರು. ಅದರಲ್ಲಿ ಕೂದಲೆಳೆಯಷ್ಟು ಸೀಳಿತ್ತು. ಒಂದು ಗೇಣು ಪೈಪಿಗಾಗಿ ಪಂಪಿನ ಖರ್ಚೂ ಹೋಯಿತು, ಎರಡು ಲೋಡು ಟೊಮೇಟೊ ಹೊಲದ ಬದುವಿನಲ್ಲೇ ಕೊಳೆಯಿತು. ಪೈಪು ಸೀಳಿದ್ದು ಯಾರ ತಪ್ಪೂ ಅಲ್ಲ. ನಾವು ಪರೀಕ್ಷೆಯನ್ನು ಕೊನೆಯಿಂದ ಆರಂಭಿಸಿದ್ದೇ ತಪ್ಪು.

ಡೀಸೆಲ್ ಎಂಜಿನಿಗೆ ಪೆಟ್ರೋಲ್ ಎಂಜಿನಿನಂತೆ ಕಿಡಿ ಬೇಡ. ಒಳಗಿನ ಗಾಳಿಯನ್ನು ಅದರ ಗಾತ್ರದ ಹದಿನೆಂಟು, ಇಪ್ಪತ್ತರಲ್ಲಿ ಒಂದು ಪಾಲಿಗೆ ಒತ್ತಿದಾಗ ಗಾಳಿ ಕಾದು ಕೆಂಡದಂತಾಗುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಪಂಪು ನಾಜಲ್ ಮೂಲಕ ಡೀಸೆಲನ್ನು ಮಂಜಿನಂತೆ ಚುಚ್ಚುತ್ತದೆ. ವೈದ್ಯರ ಇಂಜೆಕ್ಷನ್ ಎಂಬ ಮಾತೇ ಇಲ್ಲಿಗೂ ಬಂದಿದೆ. ಗಾಡಿಯ ಮೇಲೆ ಬರೆದಿರುವ "ಡಿಐ" ಅಂದರೆ ಡೈರೆಕ್ಟ್ ಇಂಜೆಕ್ಷನ್, ಅಂದರೆ ಡೀಸೆಲನ್ನು ನೇರವಾಗಿ ಉರಿಯುವ ಜಾಗಕ್ಕೇ ಚುಚ್ಚುವ ಪದ್ಧತಿ. ನಮ್ಮ ಮೆಕ್ಯಾನಿಕ್ಕುಗಳು ಈ ಪಂಪಿಗೆ "ಮೈಕೋ ಪಂಪು" ಎನ್ನುವುದುಂಟು. 1951ರಲ್ಲಿ ಆರಂಭವಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ನೆಲೆಯೂರಿದ ಮೈಕೋ ಕಂಪನಿಯಿಂದ ಬಂದ ಹೆಸರು ಅದು. 2008ರಲ್ಲಿ ಕಂಪನಿಯ ಹೆಸರು ಬಾಷ್ ಎಂದು ಬದಲಾದರೂ ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ.

ಹಾಗಾದರೆ ಎಂಜಿನಿಗೆ ಬೇಕಾದ್ದು ಮೂರೇ: ಜೋರಾದ ಸುತ್ತು, ಡೀಸೆಲ್, ಶಾಖವೇರಿದ ಗಾಳಿ. ಇದೇ ಕ್ರಮದಲ್ಲಿ ಮೂರು ಪ್ರಶ್ನೆ ಕೇಳೋಣ.

ಮೊದಲ ಪ್ರಶ್ನೆ, ಸೆಲ್ಫ್ ಎಂಜಿನನ್ನು ಜೋರಾಗಿ ತಿರುಗಿಸುತ್ತಿದೆಯೇ? ಹೆಡ್‌ಲೈಟ್ ಹಾಕಿ ಕೀಲಿ ತಿರುಗಿಸಿ. ದೀಪ ಪೂರ್ತಿ ಮಂಕಾಗಿ, "ಟಕ ಟಕ" ಸದ್ದು ಬಂದರೆ ಬ್ಯಾಟರಿ ಸೋತಿದೆ, ಇಲ್ಲವೇ ಅದರ ಟರ್ಮಿನಲ್ ಸಡಿಲವಾಗಿದೆ. ದೀಪ ಹಾಗೇ ಉರಿಯುತ್ತಾ "ಟಕ್" ಎಂದು ಒಂದೇ ಸದ್ದು ಬಂದರೆ ಸೆಲ್ಫ್ ಮೋಟಾರಿನ ಕಡೆ ನೋಡಬೇಕು. ಟರ್ಮಿನಲ್ ಮೇಲೆ ಬೂದಿ, ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ, ಬಿಸಿನೀರಿನಲ್ಲಿ ತೊಳೆದು, ಕೆರೆದು, ಬಿಗಿ ಮಾಡಿ. ಎಂಜಿನಿನಿಂದ ಚಾಸಿಗೆ ಹೋಗುವ ಅರ್ತ್ ವೈರನ್ನೂ ಮರೆಯಬೇಡಿ. ಮೀಟರ್ ಇದ್ದರೆ, ನಿಂತ ಬ್ಯಾಟರಿಯಲ್ಲಿ 12.6 ವೋಲ್ಟಿನಷ್ಟು ಇರಬೇಕು. ಸೆಲ್ಫ್ ಹೊಡೆಯುವಾಗ ಒಂಬತ್ತೂವರೆಗಿಂತ ಕೆಳಗೆ ಇಳಿಯಬಾರದು. ಎಂಜಿನ್ ತಿರುಗುತ್ತಿದ್ದರೂ ನಿಧಾನವಾಗಿ ತಿರುಗಿದರೆ ಗಾಳಿ ಕಾಯುವುದಿಲ್ಲ, ಗಾಡಿ ಏಳುವುದಿಲ್ಲ. ಸೆಲ್ಫನ್ನು ಒಂದು ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ಹೊಡೆಯಬೇಡಿ, ನಡುವೆ ಒಂದು ನಿಮಿಷ ಬಿಡಿ. ಸಿಟ್ಟಿನಿಂದ ಹೊಡೆದ ಸೆಲ್ಫ್ ಒಂದು ರೋಗವನ್ನು ಎರಡು ಮಾಡುತ್ತದೆ.

ಎರಡನೆಯ ಪ್ರಶ್ನೆ, ಡೀಸೆಲ್ ಮುಟ್ಟುತ್ತಿದೆಯೇ? ಇದಕ್ಕೆ ಸೈಲೆನ್ಸರಿನ ಹೊಗೆಯೇ ಸಾಕ್ಷಿ. ಒಬ್ಬರು ಸೆಲ್ಫ್ ಹೊಡೆಯಲಿ, ಇನ್ನೊಬ್ಬರು ಹಿಂದೆ ನಿಂತು ನೋಡಲಿ. ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗುತ್ತಿದೆ, ಆದರೆ ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ಹೋಗುತ್ತಲೇ ಇಲ್ಲ. ನಮ್ಮ ಕಡೆಯ ಹಳೆಯ ಗಾಡಿಗಳಲ್ಲಿ ಹೆಚ್ಚಿನ ತೊಂದರೆ ಇಲ್ಲೇ ಇರುತ್ತದೆ. ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ.

ಟ್ಯಾಂಕಿನಲ್ಲಿ ಡೀಸೆಲ್ ಇದೆಯೇ ಎಂದು ಕಡ್ಡಿ ಇಳಿಸಿ ನೋಡಿ; ಹಳೆಯ ಗಾಡಿಯ ಮುಳ್ಳನ್ನು ನಂಬಬೇಡಿ. ಟ್ಯಾಂಕಿನ ಮುಚ್ಚಳ ತೆಗೆದಾಗ "ಸುಯ್" ಎಂದು ಗಾಳಿ ಎಳೆದುಕೊಂಡರೆ ಅದರ ಉಸಿರುರಂಧ್ರ ಕಟ್ಟಿದೆ. ಆಮೇಲೆ, ಎಂಜಿನ್ ನಿಲ್ಲಿಸುವ ವ್ಯವಸ್ಥೆ. ಕೆಲವು ಪಂಪುಗಳ ಮೇಲೆ ವಿದ್ಯುತ್ತಿನ ಸೊಲೆನಾಯ್ಡ್ ಇರುತ್ತದೆ. ಕೀಲಿ ಹಾಕಿದಾಗ ಅದು "ಟಿಕ್" ಎಂದು ತೆರೆದರೆ ಮಾತ್ರ ಡೀಸೆಲ್ ಹರಿಯುತ್ತದೆ. ಸದ್ದು ಬರದಿದ್ದರೆ ಫ್ಯೂಸು, ವೈರು ನೋಡಿ. ಎಳೆದು ನಿಲ್ಲಿಸುವ ಕೇಬಲ್ ಇರುವ ಗಾಡಿಯಲ್ಲಿ ಆ ಲೀವರ್ ಹಿಂದಕ್ಕೆ ಬಂದಿದೆಯೋ, ಅರ್ಧದಲ್ಲೇ ಸಿಕ್ಕಿಕೊಂಡಿದೆಯೋ ನೋಡಿ. ಒಂದು ತುಂಡಾದ ವೈರಿಗಾಗಿ ಪಂಪು ಬಿಚ್ಚುವವರು ಇಂದಿಗೂ ಇದ್ದಾರೆ.

ಸಂಜೆ ಚೆನ್ನಾಗಿ ಓಡಿದ ಗಾಡಿ ಬೆಳಿಗ್ಗೆ ಮಾತ್ರ ಏಳುವುದಿಲ್ಲ, ಕೈಪಂಪು ಒತ್ತಿದರೆ ಏಳುತ್ತದೆ ಎಂದಾದರೆ ಗಾಳಿ ಹಿಡಿಯುತ್ತಿದೆ ಎಂದು ತಿಳಿಯಿರಿ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿ ಎಳೆಯುವ ದಾರಿ. ಅಲ್ಲಿ ಸೀಳಿದ್ದರೆ ಡೀಸೆಲ್ ಹೊರಗೆ ತೊಟ್ಟಿಕ್ಕದೆ, ಗಾಳಿಯೇ ಒಳಗೆ ಹೋಗಬಹುದು. ನೆಲ ಒಣಗಿದೆಯೆಂದು ಪೈಪು ಸರಿಯಿದೆ ಎನ್ನುವಂತಿಲ್ಲ. ನಮ್ಮ ಗಾಡಿಯಲ್ಲಿ ಆಗಿದ್ದೂ ಇದೇ. ಪರೀಕ್ಷೆ ಸುಲಭ. ಶುದ್ಧ ಡೀಸೆಲ್ ಇರುವ ಕ್ಯಾನನ್ನು ಎಂಜಿನಿಗಿಂತ ಎತ್ತರದಲ್ಲಿ, ಬಿಸಿ ಭಾಗಗಳಿಂದ ದೂರ ಕಟ್ಟಿ, ಟ್ಯಾಂಕಿನ ಪೈಪಿನ ಬದಲು ಬೇರೊಂದು ಪೈಪಿನಿಂದ ಫೀಡ್ ಪಂಪಿಗೆ ಜೋಡಿಸಿ, ಏರ್ ತೆಗೆದು ನೋಡಿ. ಗಾಡಿ ಎದ್ದು ನಿಂತರೆ ಪಂಪು ನಿರಪರಾಧಿ.

ಏರ್ ತೆಗೆಯುವುದೆಂದರೆ ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಕೈಪಂಪು ಒತ್ತಿ, ಒತ್ತುತ್ತಿರುವಾಗಲೇ ಬಿಗಿ ಮಾಡುವುದು. ಆಮೇಲೆ ಪಂಪಿನ ಸ್ಕ್ರೂವಿಗೂ ಹಾಗೆಯೇ. ಫಿಲ್ಟರಿನ ಕೆಳಗಿನ ಸ್ಕ್ರೂವಿನಿಂದ ಸ್ವಲ್ಪ ಡೀಸೆಲನ್ನು ಗಾಜಿನ ಸೀಸೆಗೆ ಹಿಡಿದಿಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ಹೊಲದ ಎಂಜಿನಿಗೆಂದು ಡ್ರಮ್ಮಿನಲ್ಲಿಟ್ಟ ಡೀಸೆಲನ್ನು ಗಾಡಿಗೆ ಸುರಿಯುವವರು ಇದನ್ನು ಮನಸ್ಸಿನಲ್ಲಿಡಬೇಕು.

ಇಲ್ಲೊಂದು ಎಚ್ಚರಿಕೆ. ಪಂಪಿನಿಂದ ನಾಜಲಿಗೆ ಹೋಗುವ ಉಕ್ಕಿನ ಪೈಪುಗಳ ತಂಟೆಗೆ ಹೋಗಬೇಡಿ, ಅದು ಮೆಕ್ಯಾನಿಕ್ಕಿನ ಕೆಲಸ. ಗಾಡಿಯ ಹೆಸರಿನಲ್ಲಿ "ಸಿಆರ್" ಎಂಬ ಅಕ್ಷರಗಳಿದ್ದರೆ ಅದು ಬಹುತೇಕ ಕಾಮನ್ ರೇಲ್ ಎಂಜಿನ್, ಕಂಪ್ಯೂಟರ್ ನಡೆಸುವಂಥದ್ದು. ಅದರ ಪೈಪಿನಲ್ಲಿ ಸಾವಿರ ಬಾರ್‌ಗಿಂತಲೂ ಹೆಚ್ಚಿನ ಒತ್ತಡ ಇರುತ್ತದೆ. ಲಾರಿ ಚಕ್ರದ ಗಾಳಿ ಎಂಟು, ಒಂಬತ್ತು ಬಾರ್ ಮಾತ್ರ. ಆ ಒತ್ತಡದ ಡೀಸೆಲ್ ಚರ್ಮವನ್ನು ಸೂಜಿಯಂತೆ ತೂರಿ ಒಳಹೋಗುತ್ತದೆ. ಹಾಗೇನಾದರೂ ಆದರೆ ಗಾಯ ಚಿಕ್ಕದೆಂದು ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಬೆರಳೇ ಹೋಗಬಹುದು.

ಮೂರನೆಯ ಪ್ರಶ್ನೆ, ಗಾಳಿ ಮತ್ತು ಶಾಖ. ಸೆಲ್ಫ್ ಜೋರಾಗಿದೆ, ಬಿಳಿ ಹೊಗೆ ಬರುತ್ತಿದೆ, ಆದರೂ ಗಾಡಿ ಏಳುತ್ತಿಲ್ಲ ಎಂದಾಗ ಮಾತ್ರ ಇಲ್ಲಿಗೆ ಬನ್ನಿ. ನಮ್ಮ ಕೆಂಪು ಮಣ್ಣಿನ ದಾರಿಯ ಧೂಳು ಏರ್ ಫಿಲ್ಟರನ್ನು ಬೇಗ ಕಟ್ಟಿಸುತ್ತದೆ, ತೆಗೆದು ನೋಡಿ. ಹೀಟರ್ ಪ್ಲಗ್ ಇರುವ ಎಂಜಿನಾದರೆ, ಚಳಿಗಾಲದಲ್ಲಿ ಮಾತ್ರ ಕಾಡುವ ಗಾಡಿಗೆ ಅವನ್ನು ಪರೀಕ್ಷಿಸಿ. ಅದೂ ಸರಿಯಿದ್ದರೆ ರಿಂಗು, ವಾಲ್ವು, ಪಂಪಿನ ಟೈಮಿಂಗ್, ನಾಜಲ್, ಇವೆಲ್ಲ ಗ್ಯಾರೇಜಿನ ಲೆಕ್ಕ. ಗಾಡಿ ಎಬ್ಬಿಸಲೆಂದು ಏರ್ ಫಿಲ್ಟರಿನ ಬಾಯಿಗೆ ಪೆಟ್ರೋಲ್, ಈಥರ್ ಹಾಕಬೇಡಿ. ಅದು ಹೊತ್ತಲ್ಲದ ಹೊತ್ತಿಗೆ ಸಿಡಿದು ಪಿಸ್ಟನ್ ಒಡೆಯಬಹುದು, ಬೆಂಕಿಯೂ ಹತ್ತಬಹುದು. ಸೆಲ್ಫ್ ಎಂದಿಗಿಂತ ಹಗುರಾಗಿ, ವೇಗವಾಗಿ ತಿರುಗುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಟೈಮಿಂಗ್ ಬೆಲ್ಟ್ ಇರುವ ಎಂಜಿನಿನಲ್ಲಿ ಅದು ಬೆಲ್ಟ್ ಹರಿದ ಲಕ್ಷಣ. ಅಂಥ ಗಾಡಿಯನ್ನು ತಳ್ಳಿಯೂ ಎಬ್ಬಿಸಬಾರದು.

ಬಂಧುಗಳೇ, ಇದನ್ನೆಲ್ಲ ತಿಳಿದ ಮಾತ್ರಕ್ಕೆ ಎಲ್ಲರೂ ಮೆಕ್ಯಾನಿಕ್ಕುಗಳಾಗಬೇಕೆಂದಲ್ಲ. ಆದರೆ ಫೋನಿನಲ್ಲಿ "ಗಾಡಿ ಕೆಟ್ಟಿದೆ, ಬನ್ನಿ" ಎನ್ನುವುದಕ್ಕೂ, "ಸೆಲ್ಫ್ ಜೋರಾಗಿದೆ, ಹೊಗೆ ಇಲ್ಲ, ಕ್ಯಾನಿನ ಡೀಸೆಲಿಗೆ ಎದ್ದಿತು" ಎನ್ನುವುದಕ್ಕೂ ಬಹಳ ಅಂತರವಿದೆ. ಹಾಗೆ ಹೇಳಿದರೆ ಅವರು ಸರಿಯಾದ ಸಾಮಾನು ಹಿಡಿದು ಬರುತ್ತಾರೆ. ನಮ್ಮ ಗಡಿ ಸೀಮೆಯಲ್ಲಿ ಮೆಕ್ಯಾನಿಕ್ ತೆಲುಗಿನವರಿರಲಿ, ಕನ್ನಡದವರಿರಲಿ, ಸೆಲ್ಫ್, ಫಿಲ್ಟರ್, ನಾಜಲ್ ಎರಡೂ ಭಾಷೆಗೆ ಒಂದೇ. ಗಾಡಿಯಲ್ಲಿ ಒಂದು ಗಜ ಡೀಸೆಲ್ ಪೈಪು, ಎರಡು ಕ್ಲಿಪ್ಪು, ಒಂದು ಫಿಲ್ಟರು, ನಾಲ್ಕು ಫ್ಯೂಸು ಇಟ್ಟುಕೊಳ್ಳಿ. ಮೊದಲು ಸುತ್ತು, ಆಮೇಲೆ ಡೀಸೆಲ್, ಕೊನೆಗೆ ಗಾಳಿ ಮತ್ತು ಶಾಖ. ಈ ಮೂರನ್ನೂ ನೋಡುವ ಮೊದಲು ಪಂಪಿಗೆ ಸ್ಪ್ಯಾನರ್ ಹಾಕಲು ಯಾರಿಗೂ ಒಪ್ಪಿಗೆ ಕೊಡಬೇಡಿ.